ಬೆಲೆ ಕಿಲೋಮೀಟರಿಗೆ, ದುಡಿಮೆ ಮೆಟ್ಟಿಲಿಗೆ

ಬೆಂಗಳೂರಿನ ಬಾಡಿಗೆದಾರರ ಬದುಕು ಹನ್ನೊಂದು ತಿಂಗಳ ಕರಾರಿನ ಮೇಲೆ ನಿಂತಿದೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾದ್ದರಿಂದ ಹನ್ನೊಂದು ತಿಂಗಳಿಗೆ ಬರೆಸಿ ಮುಗಿಸುವ ರೂಢಿ ಬೇರೂರಿದೆ. ಅವಧಿ ತೀರಿದಾಗ ಬಾಡಿಗೆ ಏರುತ್ತದೆ, ಇಲ್ಲವೇ ಮಾಲೀಕರಿಗೆ ಮನೆ ಬೇಕಾಗುತ್ತದೆ, ಕಚೇರಿ ನಗರದ ಇನ್ನೊಂದು ಮೂಲೆಗೆ ಹೋಗುತ್ತದೆ, ಮಗುವಿಗೆ ಬೇರೆ ಬಡಾವಣೆಯ ಶಾಲೆಯಲ್ಲಿ ಸೀಟು ಸಿಗುತ್ತದೆ. ಹೀಗೆ ವಿಜಯನಗರದಿಂದ ನಾಗರಬಾವಿಗೆ, ಜಯನಗರದಿಂದ ಬನಶಂಕರಿಗೆ, ಪಿ.ಜಿ.ಯಿಂದ ಒಂದು ಕೋಣೆಯ ಮನೆಗೆ ನಾಲ್ಕೈದು ಕಿಲೋಮೀಟರಿನೊಳಗೇ ಸಾಮಾನು ಹೊತ್ತು ಹೋಗುವವರು ಈ ನಗರದಲ್ಲಿ ಪ್ರತಿ ತಿಂಗಳೂ ಇರುತ್ತಾರೆ. ಬೆಂಗಳೂರಿನಿಂದ ದೆಹಲಿಗೋ ಪುಣೆಗೋ ಹೋಗುವ ದೊಡ್ಡ ಸಾಗಣೆಗೆ ಕಂಪನಿಗಳಿವೆ, ರಸೀದಿಯಿದೆ, ವಿಮೆಯಿದೆ. ಈ ಸಣ್ಣ ಸಾಗಣೆಗೆ ಫೋನಿನಲ್ಲಿ ಹೇಳಿದ ಒಂದು ಮೊತ್ತವನ್ನು ಬಿಟ್ಟರೆ ಬಹುಪಾಲು ಸಂದರ್ಭಗಳಲ್ಲಿ ಏನೂ ಇರುವುದಿಲ್ಲ. ಆ ಮೊತ್ತವೂ ಸಾಮಾನು ಗಾಡಿಗೆ ಏರಿದ ಮೇಲೆ ಬದಲಾಗುತ್ತದೆ. ಬಾಡಿಗೆದಾರ ಇದನ್ನು ಮೋಸ ಎನ್ನುತ್ತಾನೆ, ಹೊರುವವನು ತನಗೆ ನ್ಯಾಯವಾಗಿ ಬರಬೇಕಾದ ಕೂಲಿ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಈ ಜಗಳಕ್ಕೆ ಮೂಲ ಯಾರ ದುರ್ಬುದ್ಧಿಯೂ ಅಲ್ಲ. ಬೆಲೆಯನ್ನು ನಾವು ತಪ್ಪು ಅಳತೆಯಲ್ಲಿ ಗೊತ್ತುಮಾಡುತ್ತಿದ್ದೇವೆ. ಅದನ್ನು ಸರಿಪಡಿಸಲು ಒಂದು ಪುಟದ ಲಿಖಿತ ಕರಾರು ಸಾಕು, ಅದನ್ನು ರೂಢಿಗೆ ತರುವ ಅಧಿಕಾರ ಸರ್ಕಾರದ ಕೈಯಲ್ಲಿ ಈಗಾಗಲೇ ಇದೆ ಎಂಬುದು ನನ್ನ ವಾದ.

ಮೊದಲು ಅಳತೆಯ ವಿಷಯ. ನಗರದೊಳಗಿನ ಸಾಗಣೆಗೆ ಸಿಗುವ ಗಾಡಿಗಳು ಎಲ್ಲರಿಗೂ ಗೊತ್ತಿರುವವೇ: ಮೂರು ಚಕ್ರದ ಲಗೇಜ್ ಆಟೊ, 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್, ಪಿಕಪ್, ಸ್ವಲ್ಪ ದೊಡ್ಡ ಸಂಸಾರವಾದರೆ 407. ಸ್ಟ್ಯಾಂಡಿನಲ್ಲಿ ನಿಂತ ಗಾಡಿಯವರಾಗಲಿ, ಆ್ಯಪ್ ಆಗಲಿ ಮೊದಲು ಕೇಳುವುದು ಎಲ್ಲಿಂದ ಎಲ್ಲಿಗೆ ಎಂದೇ. ದೂರ ತಿಳಿದ ಕೂಡಲೇ ಬೆಲೆ ಬರುತ್ತದೆ. ಕೋಲಾರದಿಂದ ಟೊಮೆಟೊ ತರುವ ಗಾಡಿಗೆ ಈ ಲೆಕ್ಕ ಸರಿ, ಅಲ್ಲಿ ಡೀಸೆಲ್ಲೂ ರಸ್ತೆಯ ಸಮಯವೂ ಮುಖ್ಯ ಖರ್ಚು. ಐದು ಕಿಲೋಮೀಟರಿನ ಮನೆ ಸಾಗಣೆಯಲ್ಲಿ ಗಾಡಿ ಓಡುವುದು ಅರ್ಧ ಗಂಟೆಯಾದರೆ ಉಳಿದ ಎರಡು ಮೂರು ಗಂಟೆ ಅದು ನಿಂತೇ ಇರುತ್ತದೆ. ಆ ಹೊತ್ತಿನಲ್ಲಿ ಓಡುವುದು ಮನುಷ್ಯರ ಕಾಲುಗಳು. ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತು ಅಡಿಯ ನಿವೇಶನಗಳಲ್ಲಿ ನೆಲಮಹಡಿಯಲ್ಲಿ ಮಾಲೀಕರು, ಮೇಲಿನ ಮಹಡಿಗಳಲ್ಲಿ ಬಾಡಿಗೆದಾರರು ಎಂಬಂತೆ ಬೆಳೆದ ನಗರ ಇದು. ಅಂಥ ಕಟ್ಟಡಗಳಲ್ಲಿ ಲಿಫ್ಟ್ ಅಪರೂಪ, ಮೆಟ್ಟಿಲು ಕಿರಿದು, ತಿರುವು ಇನ್ನೂ ಕಿರಿದು. ಒಂದು ಲೆಕ್ಕ ಹಾಕಿ ನೋಡೋಣ. ಮಹಡಿಗೆ 18 ಮೆಟ್ಟಿಲಿನಂತೆ ಮೂರನೇ ಮಹಡಿಗೆ 54 ಮೆಟ್ಟಿಲು. ಒಂದು ಬೆಡ್‌ರೂಮಿನ ಮನೆಯ ಸಾಮಾನು 51 ಹೊರೆಯಾದರೆ, ಮೂವರು ಹೊರುವವರಿದ್ದರೆ, ತಲಾ 17 ಸಲ. ಪ್ರತಿಯೊಬ್ಬನೂ ಹೊರೆ ಹೊತ್ತು 918 ಮೆಟ್ಟಿಲು ಇಳಿಯಬೇಕು, ಬರಿಗೈಯಲ್ಲಿ ಅಷ್ಟೇ ಹತ್ತಬೇಕು. ಹೊಸ ಮನೆ ಎರಡನೇ ಮಹಡಿಯಲ್ಲಿದ್ದರೆ ಅಲ್ಲಿ ಹೊರೆ ಹೊತ್ತು 612 ಮೆಟ್ಟಿಲು ಏರಬೇಕು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುತ್ತದೆ, ಮುಂಬಾಗಿಲಿನ ವಾಷಿಂಗ್ ಮೆಷಿನ್ 60 ಕೆ.ಜಿ. ದಾಟುತ್ತದೆ, ಉಕ್ಕಿನ ಬೀರುವನ್ನು ಇಬ್ಬರು ಹಿಡಿದರೂ ತಿರುವಿನಲ್ಲಿ ಉಸಿರು ಕಟ್ಟುತ್ತದೆ. ಇದೇ ಸಾಮಾನನ್ನು ನೆಲಮಹಡಿಯಿಂದ ನೆಲಮಹಡಿಗೆ ಸಾಗಿಸಿದರೆ ದೂರ ಅಷ್ಟೇ, ದುಡಿಮೆ ಅದರ ಒಂದು ಪಾಲು ಮಾತ್ರ. ಇಬ್ಬರು ಗ್ರಾಹಕರಿಗೂ ಫೋನಿನಲ್ಲಿ ಸಿಗುವ ಉತ್ತರ ಒಂದೇ ಆಗಿದ್ದರೆ ಅವರಲ್ಲಿ ಒಬ್ಬರ ಜೊತೆ ಸಂಜೆಯ ಹೊತ್ತಿಗೆ ಜಗಳ ಆಗಿಯೇ ತೀರುತ್ತದೆ.

ಜಗಳ ಯಾವ ಗಳಿಗೆಯಲ್ಲಿ ಹುಟ್ಟುತ್ತದೆ ಎಂಬುದನ್ನೂ ಗಮನಿಸಬೇಕು. ಬೆಳಿಗ್ಗೆ ಗಾಡಿ ಬರುವ ಮೊದಲು ಗ್ರಾಹಕನಿಗೆ ಆಯ್ಕೆ ಇರುತ್ತದೆ. ಬೇರೆಯವರನ್ನು ಕೇಳಬಹುದು, ನಾಳೆಗೆ ಮುಂದೂಡಬಹುದು. ಸಾಮಾನು ಅರ್ಧ ಗಾಡಿಯಲ್ಲಿ, ಅರ್ಧ ಮೆಟ್ಟಿಲಿನಲ್ಲಿ ಇರುವಾಗ ಆ ಆಯ್ಕೆ ಇಲ್ಲವಾಗುತ್ತದೆ. ಮನೆ ಬದಲಾವಣೆಗಳು ತಿಂಗಳ ಕೊನೆಯ ಶನಿವಾರ, ಭಾನುವಾರಗಳಲ್ಲಿ ಒತ್ತೊತ್ತಾಗಿ ಬೀಳುತ್ತವೆ, ಏಕೆಂದರೆ ಮುಂದಿನ ತಿಂಗಳಿಗೆ ಒಂದು ದಿನ ದಾಟಿದರೂ ಹಳೆಯ ಮನೆಯ ಬಾಡಿಗೆಯ ಮಾತು ಬರುತ್ತದೆ. ಆಷಾಢದಲ್ಲಿ ಮನೆ ಬದಲಿಸಲು ಹಲವರು ಹಿಂಜರಿಯುವುದರಿಂದ ಅದರ ಹಿಂದೆ ಮುಂದೆ ಬೇಡಿಕೆ ಏರುತ್ತದೆ, ಶಾಲೆ ಶುರುವಾಗುವ ಮುನ್ನದ ಬೇಸಿಗೆಯಲ್ಲೂ ಹಾಗೆಯೇ. ಸಂಜೆಯೊಳಗೆ ಬೀಗದ ಕೈ ಒಪ್ಪಿಸದಿದ್ದರೆ ಅಡ್ವಾನ್ಸ್ ವಾಪಸಿನ ಮಾತು ಕೆಡುತ್ತದೆ. ಹೊಸ ಅಪಾರ್ಟ್‌ಮೆಂಟಿನಲ್ಲಿ ಐದು ಗಂಟೆಯ ನಂತರ ಸಾಮಾನು ಏರಿಸಲು ಲಿಫ್ಟ್ ಕೊಡುವುದಿಲ್ಲ, ಕೆಲವು ಕಡೆ ಭಾನುವಾರ ಪ್ರವೇಶವೇ ಇಲ್ಲ. ಇಷ್ಟು ಒತ್ತಡದ ನಡುವೆ ‘ಇನ್ನೆರಡು ಸಾವಿರ ಕೊಟ್ಟರೆ ಮಾತ್ರ ಇಳಿಸುತ್ತೇವೆ’ ಎಂಬ ಮಾತು ಬಂದರೆ ಯಾರಾದರೂ ಕೊಡುತ್ತಾರೆ. ಬೆಲೆ ಏರಿಸುವವರಿಗೂ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಕಡಿಮೆ ಬೆಲೆ ಹೇಳಿ ಬುಕಿಂಗ್ ಹಿಡಿದು, ಸ್ಥಳಕ್ಕೆ ಬಂದ ಮೇಲೆ ಮಹಡಿ, ಮಂಚ ಬಿಚ್ಚುವುದು, ಕಾಯುವ ಹೊತ್ತು, ಜಿಎಸ್‌ಟಿ ಎಂದು ಒಂದೊಂದೇ ಸೇರಿಸುವ ವ್ಯವಹಾರ ಲಾಭದಾಯಕವಾಗಿದೆ. ಪ್ರಾಮಾಣಿಕವಾಗಿ ಎಲ್ಲವನ್ನೂ ಸೇರಿಸಿ ಬೆಲೆ ಹೇಳುವವನು ಮೊದಲ ಫೋನಿನಲ್ಲೇ ದುಬಾರಿಯಾಗಿ ಕಂಡು ಕೆಲಸ ಕಳೆದುಕೊಳ್ಳುತ್ತಾನೆ. ಅಪ್ರಾಮಾಣಿಕತೆಗೆ ಬಹುಮಾನ ಕೊಡುವ ಇಂಥ ಮಾರುಕಟ್ಟೆ ತಾನಾಗಿ ಸರಿಹೋಗುವುದಿಲ್ಲ.

ಕಾನೂನು ಇಲ್ಲವೇ ಎಂದು ಕೇಳಿದರೆ, ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸಾಗಣೆಯೂ ಒಂದು ಸೇವೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ದೂರಿಗೆ ಎರಡು ವರ್ಷದ ಕಾಲಾವಕಾಶವಿದೆ, 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ರಸ್ತೆಯ ಮೂಲಕ ಸರಕು ಸಾಗಿಸುವವರ ಹೊಣೆಯನ್ನು 2007ರ ಕಾಯ್ದೆ ಗೊತ್ತುಮಾಡಿದೆ, ಅದು 1865ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ಅದರ ನಿಯಮಗಳಂತೆ, ಹೆಚ್ಚಿನ ಹೊಣೆಗೆ ಪ್ರತ್ಯೇಕ ದರ ಒಪ್ಪಿರದಿದ್ದರೆ ಸಾಗಣೆದಾರನ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಎರಡು ಸಾವಿರ ರೂಪಾಯಿ ಬಾಡಿಗೆಗೆ ಹೋದ ಗಾಡಿಯಲ್ಲಿ ಅರವತ್ತು ಸಾವಿರದ ಟಿ.ವಿ. ಒಡೆದರೆ ಈ ಮಿತಿಯ ಅರ್ಥ ಏನೆಂದು ಊಹಿಸಬಹುದು. ಒಪ್ಪಿಸಿದ ಸಾಮಾನನ್ನು ಸಾಗಣೆದಾರ ನುಂಗಿಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ನಂಬಿಕೆದ್ರೋಹ. ಹೆದರಿಸಿ ಹಣ ಕಿತ್ತರೆ 308ನೇ ಕಲಮಿನಡಿ ಸುಲಿಗೆ. ಇವೆಲ್ಲ ಬೆಲೆಬಾಳುವ ರಕ್ಷಣೆಗಳೇ. ಇವುಗಳ ದೌರ್ಬಲ್ಯ ಏನೆಂದರೆ ಎಲ್ಲವೂ ಘಟನೆ ನಡೆದ ಮೇಲೆ ಬರುತ್ತವೆ, ಎಲ್ಲಕ್ಕೂ ಪುರಾವೆ ಬೇಕು. ಎರಡು ಸಾವಿರ ರೂಪಾಯಿಗಾಗಿ ರಜೆ ಹಾಕಿ ಆಯೋಗದ ಮುಂದೆ ನಿಲ್ಲುವವರು ಕಡಿಮೆ. ನಿಂತರೂ ‘ಎಷ್ಟಕ್ಕೆ ಒಪ್ಪಿದ್ದಿರಿ, ಯಾವ ಕೆಲಸಕ್ಕೆ’ ಎಂಬ ಮೊದಲ ಪ್ರಶ್ನೆಗೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಹಾಗಾಗಿ ಪರಿಹಾರ ಗಾಡಿ ಹೊರಡುವ ಮೊದಲೇ ಇರಬೇಕು.

ಆ ಪರಿಹಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 67ನೇ ಕಲಮು ಬಸ್ಸು, ಟ್ಯಾಕ್ಸಿ, ಆಟೊಗಳ ಪ್ರಯಾಣ ದರದ ಜೊತೆಗೆ ಸರಕು ವಾಹನಗಳ ಬಾಡಿಗೆಯ ಕನಿಷ್ಠ, ಗರಿಷ್ಠ ಮಿತಿಗಳ ಬಗ್ಗೆಯೂ ಸಾರಿಗೆ ಪ್ರಾಧಿಕಾರಗಳಿಗೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ನೀಡಿದೆ. ಪ್ರಯಾಣಿಕರ ಆಟೊಗಳ ವಿಷಯದಲ್ಲಿ ಈ ಅಧಿಕಾರ ಚಲಾವಣೆಯಲ್ಲಿದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ದರ ನಿಗದಿಯಾಗಿದೆ. ಕಾಯುವ ಹೊತ್ತಿಗೆ ಎಷ್ಟು, ರಾತ್ರಿಗೆ ಎಷ್ಟು, ಜೊತೆಗಿರುವ ಲಗೇಜಿಗೆ ಎಷ್ಟು ಎಂಬುದೂ ಅದರಲ್ಲಿದೆ. ಅಂದರೆ ಪ್ರಯಾಣಿಕ ಹಿಡಿದ ಚೀಲಕ್ಕೆ ದರಪಟ್ಟಿ ಇದೆ, ಇಡೀ ಮನೆಯ ಸಾಮಾನಿಗೆ ಇಲ್ಲ. ಸಾರಿಗೆ ಇಲಾಖೆ ಕಾರ್ಮಿಕ ಇಲಾಖೆಯ ಜೊತೆ ಕುಳಿತು ನಗರದೊಳಗಿನ ಮನೆ ಸಾಮಾನು ಸಾಗಣೆಗೆ ಒಂದು ಮಾದರಿ ಕರಾರನ್ನೂ ಒಂದು ಸೂಚಕ ದರಪಟ್ಟಿಯನ್ನೂ ಪ್ರಕಟಿಸಬೇಕು. ದರಪಟ್ಟಿಯಲ್ಲಿ ಗಾಡಿಯ ಬಾಡಿಗೆ ಬೇರೆ, ಹೊರುವವರ ಕೂಲಿ ಬೇರೆ ಇರಬೇಕು. ಕೂಲಿಯನ್ನು ಲಿಫ್ಟ್ ಇಲ್ಲದ ಪ್ರತಿ ಮಹಡಿಗೆ, ಗಾಡಿ ನಿಲ್ಲುವ ಜಾಗದಿಂದ ಬಾಗಿಲಿನವರೆಗಿನ ದೂರಕ್ಕೆ, ಬೀರು, ಫ್ರಿಡ್ಜ್, ವಾಷಿಂಗ್ ಮೆಷಿನ್‌ನಂಥ ಭಾರದ ಸಾಮಾನಿಗೆ ಹೊಂದಿಸಿ ಹೇಳಬೇಕು. ದುಡಿಮೆ ಎಲ್ಲಿದೆಯೋ ಬೆಲೆಯೂ ಅಲ್ಲಿರಬೇಕು.

ಒಂದು ಪುಟದ ಕರಾರಿನಲ್ಲಿ ಏನಿರಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಎರಡೂ ಮನೆಗಳ ವಿಳಾಸ, ಮಹಡಿ, ಲಿಫ್ಟ್ ಇದೆಯೋ ಇಲ್ಲವೋ, ಅದರಲ್ಲಿ ಸಾಮಾನು ಒಯ್ಯಲು ಬಿಡುತ್ತಾರೋ ಇಲ್ಲವೋ. ಗಾಡಿ ಬಾಗಿಲವರೆಗೆ ಬರುತ್ತದೋ, ಗಲ್ಲಿಯ ತುದಿಯಲ್ಲೇ ನಿಲ್ಲಬೇಕೋ. ದೊಡ್ಡ ಸಾಮಾನುಗಳ ಪಟ್ಟಿ ಮತ್ತು ಸಣ್ಣವು ಎಷ್ಟು ಡಬ್ಬ, ಎಷ್ಟು ಮೂಟೆ ಎಂಬ ಎಣಿಕೆ. ಬೆಲೆಬಾಳುವ ಸಾಮಾನುಗಳ ಮೌಲ್ಯ, ಅವಕ್ಕೆ ಎಷ್ಟು ಹೊಣೆ ಎಂಬ ಒಪ್ಪಿಗೆ. ಮಂಚ, ಕಪಾಟು ಬಿಚ್ಚಿ ಜೋಡಿಸುವುದು ಯಾರ ಕೆಲಸ. ಯಾವ ಗಾಡಿ, ನೋಂದಣಿ ಸಂಖ್ಯೆ ಎಷ್ಟು, ಚಾಲಕನನ್ನು ಬಿಟ್ಟು ಎಷ್ಟು ಜನ ಬರುತ್ತಾರೆ. ಒಟ್ಟು ಮೊತ್ತ ಎಷ್ಟು, ಅದರಲ್ಲಿ ಕೂಲಿ ಎಷ್ಟು, ಮುಂಗಡ ಎಷ್ಟು, ಕಾಯುವ ಹೊತ್ತಿಗೆ ಎಷ್ಟು. ಜಿಎಸ್‌ಟಿ ಕೇಳುವುದಾದರೆ ಹದಿನೈದು ಅಂಕಿ ಅಕ್ಷರಗಳ ಆ ಸಂಖ್ಯೆ ಯಾವುದು. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ, ನೋಂದಣಿ ಇಲ್ಲದವರು ಆ ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. ಕೊನೆಯದಾಗಿ, ಸ್ಥಳದಲ್ಲಿ ಹೇಳದ ಸಾಮಾನು ಕಂಡುಬಂದರೆ ಎಷ್ಟು ಹೆಚ್ಚು ಕೇಳಬಹುದು ಎಂಬ ಮಿತಿ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮನೆ ಸಾಗಿಸುವವರಿಗೆ ಇಂಥದೊಂದು ನಿಯಮವಿದೆ: ಅಂದಾಜಿನ ಮೇಲೆ ಕೆಲಸ ಹಿಡಿದಿದ್ದರೆ, ಸಾಮಾನು ಒಪ್ಪಿಸುವಾಗ ಅಂದಾಜಿನ ಶೇ 110ಕ್ಕಿಂತ ಹೆಚ್ಚು ಹಣ ಕೊಟ್ಟರಷ್ಟೇ ಇಳಿಸುತ್ತೇವೆ ಎನ್ನುವಂತಿಲ್ಲ, ಉಳಿದ ಬಾಕಿಯನ್ನು ಆಮೇಲೆ ಕೇಳಬೇಕು. ಸಾಮಾನನ್ನು ಒತ್ತೆ ಇಟ್ಟುಕೊಂಡು ಚೌಕಾಸಿ ಮಾಡುವ ದಾರಿಯನ್ನು ಆ ಒಂದು ಸಾಲು ಮುಚ್ಚುತ್ತದೆ. ನಮ್ಮ ಮಾದರಿ ಕರಾರಿಗೂ ಅಂಥ ಒಂದು ಸಾಲು ಬೇಕು.

ಈ ಮಾತನ್ನು ಬಾಡಿಗೆದಾರರ ಪರವಾಗಿ ಮಾತ್ರ ಆಡಿದರೆ ಅರ್ಧ ನ್ಯಾಯವಾಗುತ್ತದೆ. ಹೊರುವವರ ಸ್ಥಿತಿ ಇನ್ನೂ ಕೆಟ್ಟದ್ದು. ಗಾಡಿಗೆ ಮಾಲೀಕನೋ ಚಾಲಕನೋ ಇರುತ್ತಾನೆ, ಆ್ಯಪ್‌ನಲ್ಲಿ ಅವನ ಹೆಸರು, ಫೋಟೊ, ಅಂಕಗಳು ಇರುತ್ತವೆ. ಅವನ ಜೊತೆ ಬರುವ ಇಬ್ಬರು ಮೂವರಿಗೆ ಎಲ್ಲೂ ಹೆಸರಿಲ್ಲ. ಗ್ರಾಹಕ ಒಟ್ಟು ಮೊತ್ತದಲ್ಲಿ ಐನೂರು ಇಳಿಸಿಕೊಂಡಾಗ ಅದು ಡೀಸೆಲ್ಲಿನಿಂದ ಕಡಿಮೆಯಾಗುವುದಿಲ್ಲ, ಗಾಡಿಯ ಸಾಲದ ಕಂತಿನಿಂದಲೂ ಅಲ್ಲ. ಮೂರು ಜನ ಬರಬೇಕಾದಲ್ಲಿ ಇಬ್ಬರು ಬರುತ್ತಾರೆ, ಇಲ್ಲವೇ ಮೂವರಿಗೂ ಕೂಲಿ ಕಡಿತವಾಗುತ್ತದೆ. ಸಂಜೆ ‘ಚಹಾಕ್ಕೆ ಕೊಡಿ ಸಾರ್’ ಎಂದು ಕೇಳುವ ಕೈಗೆ ಬೆಳಿಗ್ಗೆಯ ಚೌಕಾಸಿಯಲ್ಲಿ ಕಳೆದುಹೋದ ಕೂಲಿ ಸಲ್ಲಬೇಕಾಗಿರುತ್ತದೆ. ಬೆನ್ನು ಹಿಡಿದರೆ, ಕಾಲಿನ ಮೇಲೆ ಬೀರು ಬಿದ್ದರೆ ಮರುದಿನದ ಕೂಲಿ ಇಲ್ಲ, ಆಸ್ಪತ್ರೆಯ ಖರ್ಚು ಯಾರದೆಂಬುದಕ್ಕೂ ಉತ್ತರವಿಲ್ಲ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರೂ ಸೇರಿದ್ದಾರೆ. 2021ರಲ್ಲಿ ಶುರುವಾದ ಇ–ಶ್ರಮ್‌ನಲ್ಲೂ ಹೆಸರು ಬರೆಸಬಹುದು. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಸರಕು ಸಾಗಣೆಯ ಆ್ಯಪ್‌ಗಳನ್ನೂ ಒಳಗೊಂಡಿದೆ, ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಲು ಅವಕಾಶ ಕೊಟ್ಟಿದೆ. ಆದರೆ ಆ್ಯಪ್‌ಗೆ ಗೊತ್ತಿರುವವನು ಚಾಲಕ. ಚಾಲಕ ಕರೆತಂದ ಹಮಾಲ ಆ ಲೆಕ್ಕದಿಂದ ಹೊರಗುಳಿಯುವ ಅಪಾಯ ದೊಡ್ಡದು. ಕರಾರಿನಲ್ಲಿ ಎಷ್ಟು ಜನ, ಅವರ ಕೂಲಿ ಎಷ್ಟು ಎಂದು ಬರೆದಾಗಲೇ ಆ ಮನುಷ್ಯ ಲೆಕ್ಕದೊಳಕ್ಕೆ ಬರುತ್ತಾನೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಕೇರಳದ್ದು. ಹೊರೆ ಹೊರುವವರಿಗೆ ಕಾನೂನಿನ ಬಲ ಕೊಟ್ಟರೆ ನೋಕ್ಕುಕೂಲಿ ಬರುತ್ತದೆ, ಮನೆಯವರೇ ಸಾಮಾನು ಇಳಿಸಿಕೊಂಡರೂ ನಿಂತು ನೋಡಿದವರಿಗೆ ದುಡ್ಡು ಕೊಡಬೇಕಾಗುತ್ತದೆ ಎಂಬ ಭಯ ಅದು. ಭಯಕ್ಕೆ ಕಾರಣವಿದೆ. 1978ರಲ್ಲಿ ಹೊರೆ ಕಾರ್ಮಿಕರಿಗಾಗಿ ಕಾಯ್ದೆ ತಂದ ಅದೇ ರಾಜ್ಯ 2018ರ ಮೇ 1ರಿಂದ ನೋಕ್ಕುಕೂಲಿಯನ್ನು ಕೊನೆಗಾಣಿಸುತ್ತೇವೆಂದು ಘೋಷಿಸಬೇಕಾಯಿತು, ಹೈಕೋರ್ಟ್ ಕೂಡ ಅದರ ವಿರುದ್ಧ ಕಠಿಣವಾಗಿ ಮಾತಾಡಿತು. ಆದರೆ ಆ ಪಿಡುಗಿನ ಬೇರು ಒಂದು ಪ್ರದೇಶದಲ್ಲಿ ಇಂಥ ಗುಂಪೇ ಹೊರೆ ಇಳಿಸಬೇಕು ಎಂಬ ಏಕಸ್ವಾಮ್ಯದಲ್ಲಿತ್ತು. ಕೂಲಿ ಇಷ್ಟು ಎಂದು ಬರೆದಿಟ್ಟದ್ದು ಅದಕ್ಕೆ ಕಾರಣವಲ್ಲ. ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಹಮಾಲರಿಗೆ ಮಂಡಳಿ, ನೋಂದಣಿ, ಭವಿಷ್ಯನಿಧಿಯಂಥ ಸೌಲಭ್ಯ ಕೊಟ್ಟು ದೇಶಕ್ಕೇ ದಾರಿ ತೋರಿತು. ಆದರೂ ಮಾಥಾಡಿ ಹೆಸರಿನಲ್ಲಿ ಹಣ ಕೀಳುವವರ ಬಗ್ಗೆ ಅಲ್ಲಿಯೂ ದೂರುಗಳು ಬಂದಿವೆ. ಎರಡರಿಂದಲೂ ಕಲಿಯಬೇಕಾದ ಪಾಠ ಒಂದೇ: ಕೂಲಿಗೆ ರಕ್ಷಣೆ ಕೊಡಿ, ಪ್ರದೇಶದ ಮೇಲೆ ಯಾರಿಗೂ ಹಕ್ಕು ಕೊಡಬೇಡಿ. ಇಲ್ಲಿ ಕೇಳುತ್ತಿರುವ ಕರಾರಿನಲ್ಲಿ ಗ್ರಾಹಕ ಯಾರನ್ನು ಬೇಕಾದರೂ ಕರೆಯಬಹುದು, ತಾನೇ ಹೊರಬಹುದು. ಕರೆದ ಮೇಲೆ ಮಾತ್ರ ಬರೆದ ಮಾತಿಗೆ ಇಬ್ಬರೂ ಬದ್ಧರಾಗಿರಬೇಕು.

ಎರಡನೆಯ ಆಕ್ಷೇಪ, ದರ ನಿಗದಿ ಮಾಡಿದರೂ ಪಾಲಿಸುವವರು ಯಾರು ಎಂಬುದು. ಆಟೊ ಮೀಟರಿನ ಕಥೆ ನಗರಕ್ಕೆಲ್ಲ ಗೊತ್ತು. ಇಲ್ಲೊಂದು ವ್ಯತ್ಯಾಸವಿದೆ. ಮಳೆಯಲ್ಲಿ ನಿಂತವನು ಆಟೊ ಹಿಡಿಯುವುದು ಅರೆ ನಿಮಿಷದ ವ್ಯವಹಾರ, ಹೋಲಿಸಿ ನೋಡಲು ಅವನಿಗೆ ಪುರುಸೊತ್ತಿಲ್ಲ. ಮನೆ ಬದಲಿಸುವವರು ವಾರಕ್ಕೆ ಮೊದಲೇ ಮೂರು ನಾಲ್ಕು ಕಡೆ ಕೇಳುತ್ತಾರೆ. ಅವರ ಕೈಯಲ್ಲಿ ಸೂಚಕ ದರಪಟ್ಟಿ ಇದ್ದರೆ ತೀರಾ ಕಡಿಮೆ ಬೆಲೆ ಹೇಳಿದವನನ್ನೂ ಅನುಮಾನದಿಂದ ನೋಡಬಹುದು. ಈಗ ಆ ಕಡಿಮೆ ಬೆಲೆಯೇ ಎಲ್ಲರನ್ನೂ ಸೆಳೆಯುತ್ತದೆ. ಇಲ್ಲಿ ಕೇಳುತ್ತಿರುವುದು ಒಂದು ರೂಪಾಯಿಯೂ ಆಚೀಚೆ ಆಗದ ಬೆಲೆಯನ್ನಲ್ಲ. ತಿಂಗಳ ಕೊನೆಯಲ್ಲಿ ಹೆಚ್ಚು, ನಡುವಾರದಲ್ಲಿ ಕಡಿಮೆ ಇರಲಿ. ಬೇಕಾದದ್ದು ಬೆಲೆಯ ಒಳಗೆ ಏನೇನಿದೆ ಎಂಬ ವಿವರ, ಹೇಳಿದ್ದನ್ನು ಮುರಿಯದಂತೆ ತಡೆಯುವ ಮಿತಿ. ಮುರಿದರೆ ದೂರು ಕೊಡುವಾಗ ಕಾಗದವಿರುತ್ತದೆ. ಕಾಗದವಿರುವ ದೂರಿಗೂ ಇಲ್ಲದ ದೂರಿಗೂ ಆಯೋಗದ ಮುಂದೆ, ಪೊಲೀಸ್ ಠಾಣೆಯಲ್ಲಿ ಇರುವ ಅಂತರ ತುಂಬ ದೊಡ್ಡದು.

ಆ್ಯಪ್‌ಗಳು ಈ ಸಮಸ್ಯೆಯನ್ನು ಬಗೆಹರಿಸಿಬಿಟ್ಟಿವೆ, ಸರ್ಕಾರ ಯಾಕೆ ತಲೆಹಾಕಬೇಕು ಎನ್ನುವವರೂ ಇದ್ದಾರೆ. 2014ರಲ್ಲಿ ಹುಟ್ಟಿದ ಪೋರ್ಟರ್‌ನಂಥ ಕಂಪನಿಗಳು ಗಾಡಿ ಸಿಗುವುದನ್ನು ಸುಲಭ ಮಾಡಿವೆ, ಬೆಲೆಯನ್ನು ಮೊದಲೇ ತೋರಿಸುವ ಒಳ್ಳೆಯ ಅಭ್ಯಾಸ ತಂದಿವೆ ಎಂಬುದನ್ನು ಮನಸಾರೆ ಒಪ್ಪಬೇಕು. ಗಾಡಿ ಮಾತ್ರ ಬುಕ್ ಮಾಡಿದಾಗ ಉಳಿಯುವ ಪ್ರಶ್ನೆ ಹೊರುವುದು ಯಾರು, ಎಷ್ಟಕ್ಕೆ ಎಂಬುದು. ಅದು ಚಾಲಕ ಮತ್ತು ಗ್ರಾಹಕರ ನಡುವಿನ ಬಾಯಿಮಾತಿಗೆ ಬಿದ್ದರೆ ಹಳೆಯ ಜಗಳ ಹೊಸ ಫೋನಿನಲ್ಲಿ ಮುಂದುವರಿಯುತ್ತದೆ. ಮಹಡಿ, ಜನ, ಭಾರದ ಸಾಮಾನುಗಳ ವಿವರ ಕೇಳಿ ಅದಕ್ಕೆ ತಕ್ಕ ಬೆಲೆ ತೋರಿಸುವ ಸಾಮರ್ಥ್ಯ ಈ ಕಂಪನಿಗಳಿಗೆ ಇದೆ. ಮಾದರಿ ಕರಾರು ಬಂದರೆ ಅದನ್ನು ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಸುಲಭವಾಗಿ ಜಾರಿಗೆ ತರಬಲ್ಲವರೂ ಅವರೇ. ಒಬ್ಬನೇ ಗಾಡಿ ಇಟ್ಟುಕೊಂಡು ಸ್ಟ್ಯಾಂಡಿನಲ್ಲಿ ನಿಲ್ಲುವ ಚಾಲಕನಿಗೆ ಕಾಗದದ ಹೊರೆ ಬೀಳುತ್ತದೆ ಎಂಬ ಅಳುಕು ಇದಕ್ಕಿಂತ ಗಂಭೀರವಾದದ್ದು. ಅದಕ್ಕಾಗಿಯೇ ಕರಾರು ಒಂದೇ ಪುಟದ್ದಾಗಿರಬೇಕು, ಕನ್ನಡದಲ್ಲಿರಬೇಕು, ಹೊರುವವರಲ್ಲಿ ಹಲವರು ಹೊರರಾಜ್ಯಗಳಿಂದ ಬಂದವರಾದ್ದರಿಂದ ಅವರಿಗೆ ತಿಳಿಯುವ ಭಾಷೆಯಲ್ಲೂ ಓದಿ ಹೇಳುವಂತಿರಬೇಕು. ಛಾಪಾ ಕಾಗದ ಬೇಡ, ಶುಲ್ಕ ಬೇಡ, ಕಚೇರಿಗೆ ಅಲೆಯುವುದು ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಟ್ಟಿಗೆ ‘ಒಪ್ಪಿದೆ’ ಎಂದು ಬಂದ ಉತ್ತರವೂ ಸಾಕು, ಓದು ಬಾರದವರಿಗೆ ಧ್ವನಿ ಸಂದೇಶ ಸಾಕು. ನಿಜ ಹೇಳಬೇಕೆಂದರೆ ಇದರಿಂದ ಹೆಚ್ಚು ಅನುಕೂಲ ಇಂಥ ಚಾಲಕನಿಗೇ. ‘ಮೂರನೇ ಮಹಡಿ ಎಂದು ನೀವು ಹೇಳಲಿಲ್ಲ’ ಎಂದು ಅವನು ಇವತ್ತು ಗೋಗರೆಯಬೇಕು. ನಾಳೆ ಪಟ್ಟಿ ತೋರಿಸಿದರೆ ಮುಗಿಯಿತು.

ಉಳಿದದ್ದು ಖರ್ಚಿನ ಆಕ್ಷೇಪ. ಕೂಲಿಯನ್ನು ಬೇರೆಯಾಗಿ ಬರೆದರೆ ಸಾಗಣೆ ದುಬಾರಿಯಾಗುತ್ತದೆ, ಅಡ್ವಾನ್ಸು, ಬ್ರೋಕರ್ ಕಮಿಷನ್, ಪೇಂಟಿಂಗ್ ಹೆಸರಿನ ಕಡಿತಗಳಿಂದ ಬಳಲಿದ ಬಾಡಿಗೆದಾರ ಇದನ್ನೂ ಹೊರಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಮೇಲಿನ ಮಹಡಿಯಿಂದ ಮೇಲಿನ ಮಹಡಿಗೆ ಹೋಗುವವರಿಗೆ ಹೇಳುವ ಬೆಲೆ ಏರಬಹುದು, ನೆಲಮಹಡಿಯವರಿಗೆ ಇಳಿಯಬಹುದು. ಆದರೆ ಹೇಳುವ ಬೆಲೆಯೇ ಕೊಡುವ ಬೆಲೆಯಾದರೆ ಎಷ್ಟೋ ಜನರಿಗೆ ಒಟ್ಟು ಖರ್ಚು ಏರುವುದಿಲ್ಲ, ಏಕೆಂದರೆ ಈಗಲೂ ಅವರು ಸಂಜೆಯ ಹೊತ್ತಿಗೆ ಆ ಹೆಚ್ಚುವರಿಯನ್ನು ಕೊಡುತ್ತಲೇ ಇದ್ದಾರೆ. ಉಳಿಸುವ ದಾರಿಯೂ ಆಗ ಕಣ್ಣಿಗೆ ಕಾಣುತ್ತದೆ. ಕೂಲಿ ಎಲ್ಲಿಂದ ಬರುತ್ತದೆ ಎಂದು ತಿಳಿದವರು ಪುಸ್ತಕ, ಪಾತ್ರೆಗಳನ್ನು ತಾವೇ ಸಣ್ಣ ಡಬ್ಬಗಳಲ್ಲಿ ಕಟ್ಟಿಡುತ್ತಾರೆ, ಬೇಡದ ಸಾಮಾನನ್ನು ಮೊದಲೇ ಮಾರುತ್ತಾರೆ, ವಾರದ ನಡುವಿನ ದಿನ ಆರಿಸಿಕೊಳ್ಳುತ್ತಾರೆ, ಲಿಫ್ಟಿಗೆ ಅನುಮತಿಯನ್ನು ಮುಂಚೆಯೇ ಪಡೆಯುತ್ತಾರೆ. ಒಬ್ಬನ ಕೂಲಿಯನ್ನು ಕತ್ತರಿಸಿ ಉಳಿಸುವುದಕ್ಕಿಂತ ಅವನ ಹೊರೆಯನ್ನು ಹಗುರ ಮಾಡಿ ಉಳಿಸುವುದು ಇಬ್ಬರಿಗೂ ಒಳ್ಳೆಯದು. ಅಪಾರ್ಟ್‌ಮೆಂಟ್ ಸಂಘಗಳ ಪಾಲೂ ಇಲ್ಲಿದೆ. ಸಾಮಾನು ಒಯ್ಯುವ ವೇಳೆ, ಲಿಫ್ಟಿನ ನಿಯಮ, ಶುಲ್ಕಗಳನ್ನು ಬರುವವರಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕು. ಹೊರುವವರಿಗೆ ಲಿಫ್ಟ್, ಕುಡಿಯುವ ನೀರು, ಶೌಚಾಲಯ ನಿರಾಕರಿಸುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಇವತ್ತೇ ನಿಲ್ಲಬೇಕು. ನಮ್ಮ ಮನೆಯ ಹೊರೆ ಹೊತ್ತವರನ್ನು ನೀರಡಿಸಿ ಕಳಿಸುವುದು ಯಾವ ಸಂಘದ ನಿಯಮವಾಗಿದ್ದರೂ ಅಮಾನವೀಯ.

ಎಲ್ಲ ವ್ಯವಹಾರಕ್ಕೂ ಕಾಗದ ಬೇಕೇ, ನಂಬಿಕೆಯ ಮೇಲೆ ನಡೆಯಬಾರದೇ ಎಂದು ಹಿರಿಯರು ಕೇಳಬಹುದು. ಒಂದೇ ಬೀದಿಯ ಗಾಡಿಯವರು, ಗುರುತಿನ ಹಮಾಲರು ಇದ್ದ ಕಾಲದಲ್ಲಿ ನಾಳೆಯೂ ಮುಖ ನೋಡಬೇಕೆಂಬ ಅರಿವೇ ಕರಾರಾಗಿತ್ತು. 2011ರ ಜನಗಣತಿಯ ಹೊತ್ತಿಗೇ ಬೆಂಗಳೂರು 84 ಲಕ್ಷ ದಾಟಿತ್ತು, ಆಮೇಲೆ ಇನ್ನೂ ಹಬ್ಬಿ ಈಗ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಇಲ್ಲಿ ಸಾಮಾನು ಕೊಡುವವರೂ ಹೊರುವವರೂ ಮತ್ತೆ ಭೇಟಿಯಾಗುವುದು ಅನುಮಾನ. ಮತ್ತೆ ಭೇಟಿಯಾಗದವರ ನಡುವೆ ನಂಬಿಕೆ ಹುಟ್ಟಬೇಕಾದರೆ ಬರೆದ ಮಾತೊಂದು ನಡುವೆ ಇರಬೇಕು. ಸಾರಿಗೆ ಇಲಾಖೆ 67ನೇ ಕಲಮಿನಡಿ ತನಗಿರುವ ದಾರಿಯನ್ನು ಬಳಸಿ ಮಹಡಿ ಮತ್ತು ದುಡಿಮೆಯ ಲೆಕ್ಕವಿರುವ ದರಪಟ್ಟಿ ತರಲಿ. ಕಾರ್ಮಿಕ ಇಲಾಖೆ ಚಾಲಕನ ಜೊತೆ ಬರುವ ಹಮಾಲರನ್ನು ಗಿಗ್ ಕಾರ್ಮಿಕರ ರಕ್ಷಣೆಯೊಳಗೆ ತರುವ ನಿಯಮ ಮಾಡಲಿ. ಆ್ಯಪ್‌ಗಳು ಕೂಲಿಯನ್ನು ಬೇರೆ ಸಾಲಿನಲ್ಲಿ ತೋರಿಸಲಿ. ಅಲ್ಲಿಯವರೆಗೆ, ಈ ತಿಂಗಳ ಕೊನೆಗೆ ಮನೆ ಬದಲಿಸುವವರು ಸರ್ಕಾರಕ್ಕಾಗಿ ಕಾಯಬೇಕಿಲ್ಲ. ‘ಎಷ್ಟಾಗುತ್ತದೆ’ ಎಂದು ಕೇಳುವ ಮೊದಲು ಮಹಡಿ, ಸಾಮಾನು, ಜನ, ಕೂಲಿ ಎಲ್ಲವನ್ನೂ ಸಂದೇಶದಲ್ಲಿ ಬರೆದು ಕಳಿಸಿ, ಒಪ್ಪಿಗೆ ಪಡೆದು, ಒಪ್ಪಿದಷ್ಟನ್ನು ಪೂರ್ತಿಯಾಗಿ ಕೊಟ್ಟರೆ ಈ ಸುಧಾರಣೆಯ ಅರ್ಧ ಭಾಗ ಅವರ ಕೈಯಿಂದಲೇ ಶುರುವಾಗುತ್ತದೆ.